ಪರದೇಶದ ಕಟ್ಟಳೆ, ನಮ್ಮ ನೆಲದ ವಿದ್ಯುತ್ತು

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಯಾವ ಪಟ್ಟಣದ ಬೀದಿದೀಪಕ್ಕೂ ಅಲ್ಲ, ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಬೆಳಗಿದುದು 1905ರಲ್ಲಿ. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು, ಗಣಿಗಳ ಆಡಳಿತ ಇಂಗ್ಲಿಷರದು, ದುಡಿದವರು ಬಹುಮಟ್ಟಿಗೆ ಇಲ್ಲಿನ ಕೂಲಿಕಾರರು. ಈ ನಾಡಿಗೆ ವಿದ್ಯುದ್ಯಂತ್ರಗಳೊಡನೆ ಅವನ್ನು ನಿರಪಾಯವಾಗಿ ಬಳಸುವ ಕಟ್ಟಳೆಗಳೂ ಹಡಗನ್ನೇರಿ ಬಂದುವು. ಯಂತ್ರವನ್ನು ಬಂದಂತೆಯೇ ನಿಲ್ಲಿಸಬಹುದು. ಕಟ್ಟಳೆಯನ್ನು ಹಾಗೆ ನಿಲ್ಲಿಸಲಾಗದು. ಪ್ರತಿಯೊಂದು ಕಟ್ಟಳೆಯೂ ತಾನು ಹುಟ್ಟಿದ ನಾಡಿನ ಮಣ್ಣನ್ನೂ ಹವೆಯನ್ನೂ ಜನರ ನಡೆನುಡಿಯನ್ನೂ ಬಾಯಿಬಿಟ್ಟು ಹೇಳದೆಯೇ ನೆಚ್ಚಿಕೊಂಡಿರುತ್ತದೆ.

ಮೊದಲು ಮಣ್ಣನ್ನೇ ನೋಡಬಹುದು. ಯಂತ್ರದ ಒಳಗಿನ ತಂತಿಯೊಂದು ಸವೆದು ಅದರ ಲೋಹದ ಮೈಗೆ ತಗುಲಿದರೆ ಆ ಮೈಯೆಲ್ಲ ವಿದ್ಯುನ್ಮಯವಾಗುತ್ತದೆ. ಅದನ್ನು ಮುಟ್ಟಿದವನ ಶರೀರದ ಮೂಲಕ ವಿದ್ಯುತ್ತು ಭೂಮಿಗಿಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಅದಕ್ಕೊಂದು ಸುಲಭದ ದಾರಿಯನ್ನು ಮೊದಲೇ ಮಾಡಿಟ್ಟರೆ ಪ್ರವಾಹವು ಅತ್ತ ರಭಸದಿಂದ ಹರಿದು, ಫ್ಯೂಸು ಕರಗಿ, ಸರಬರಾಜು ನಿಲ್ಲುತ್ತದೆ. ಇದೇ ಭೂಸಂಪರ್ಕ; ಕೆಲಸಗಾರರ ಮಾತಿನಲ್ಲಿ ಅರ್ಥಿಂಗ್. ಆದರೆ ಮಣ್ಣು ತೇವವಾಗಿದ್ದರಲ್ಲವೆ ದಾರಿ ಸುಲಭವಾಗುವುದು? ಇಂಗ್ಲೆಂಡಿನ ನೆಲ ವರ್ಷದ ಬಹುಭಾಗ ಹಸಿಯಾಗಿರುತ್ತದೆ. ಗಂಗಾವತಿ ತಾಲ್ಲೂಕಿನ ಮರಳಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಿವೆ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಭೂಮಿ ವೈಶಾಖದ ಹೊತ್ತಿಗೆ ಒಣಗಿ ಬಿರಿದಿರುತ್ತದೆ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ! 1966ರಲ್ಲಿ ಪ್ರಕಟವಾದ ಭಾರತೀಯ ಮಾನಕ 3043 ಭೂಸಂಪರ್ಕಕ್ಕೇ ಮೀಸಲಾದುದು. ಕೊಳವೆಯ ಸುತ್ತ ಇದ್ದಿಲು ಉಪ್ಪುಗಳನ್ನು ಪದರ ಪದರವಾಗಿ ತುಂಬುವುದು, ಮೇಲಿನ ಆಲಿಕೆಯ ಮೂಲಕ ಬೇಸಗೆಯಲ್ಲಿ ನೀರುಣಿಸುವುದು ನಮ್ಮಲ್ಲಿ ಬೆಳೆದು ನಿಂತ ಪದ್ಧತಿ. ಗುಂಡಿ ತೋಡಿಸಿದವರು ನೀರು ಹೊಯ್ಯುವುದನ್ನು ಮರೆಯುತ್ತಾರೆ ಎಂಬುದು ಬೇರೆಯ ಮಾತು.

ಹವೆಯ ವಿಷಯವೂ ಹೀಗೆಯೇ. ಒಂದು ತಂತಿ ಎಷ್ಟು ಪ್ರವಾಹವನ್ನು ಹೊರಬಲ್ಲುದೆಂಬುದನ್ನು ಬ್ರಿಟಿಷ್ ಕೋಷ್ಟಕಗಳು 30 ಡಿಗ್ರಿ ಸೆಲ್ಸಿಯಸ್ ಹವೆಗೆ ಲೆಕ್ಕ ಹಾಕಿದರೆ ಭಾರತದವು 40 ಡಿಗ್ರಿಗೆ ಹಾಕುತ್ತವೆ. ಅಲ್ಲಿನ ಲೆಕ್ಕವನ್ನು ನಂಬಿ ಇಲ್ಲಿ ತಂತಿ ಎಳೆದರೆ ಅದರ ಹೊದಿಕೆ ಬೇಗ ಬೆಂದು ಹಾಳಾಗುತ್ತದೆ.

ಬಣ್ಣಗಳಲ್ಲಿ ಅಡಗಿರುವ ಕೇಡು ಇದಕ್ಕಿಂತ ಹತ್ತಿರದ್ದು. ನಮ್ಮ ಗಿರಣಿಗಳ ಮೂರು ಫೇಸುಗಳಿಗೆ ಕೆಂಪು, ಹಳದಿ, ನೀಲಿ. ನ್ಯೂಟ್ರಲ್ ತಂತಿಗೆ ಕಪ್ಪು. ಇದು ಬ್ರಿಟನ್ನಿನಿಂದ ಬಂದ ಹಳೆಯ ರೂಢಿ. ಆ ಬ್ರಿಟನ್ನೇ 2004ರಲ್ಲಿ ಯೂರೋಪಿನೊಡನೆ ಹೊಂದಿಕೊಂಡು ಫೇಸುಗಳಿಗೆ ಕಂದು, ಕಪ್ಪು, ಬೂದು ಬಣ್ಣಗಳನ್ನೂ ನ್ಯೂಟ್ರಲಿಗೆ ನೀಲಿಯನ್ನೂ ಗೊತ್ತುಮಾಡಿತು. ಎಂದರೆ ಇಲ್ಲಿ ಕೊಲ್ಲಬಲ್ಲ ನೀಲಿ ಅಲ್ಲಿ ನ್ಯೂಟ್ರಲ್. ಇಲ್ಲಿ ನ್ಯೂಟ್ರಲಾದ ಕಪ್ಪು ಅಲ್ಲಿ ಕೊಲ್ಲಬಲ್ಲುದು. ಯೂರೋಪಿನಿಂದ ತರಿಸಿದ ಯಂತ್ರವನ್ನು ಬಣ್ಣ ನೋಡಿ ಜೋಡಿಸುವವನು, ಮೀಟರಿನಿಂದ ಪರೀಕ್ಷಿಸದಿದ್ದರೆ, ತನ್ನ ಅನುಭವದಿಂದಲೇ ಮೋಸಹೋಗುತ್ತಾನೆ. ಶಾಲೆಗಳಿಗೆ ಹೊರದೇಶದ ಉಪಕರಣಗಳನ್ನು ಪ್ರೀತಿಯಿಂದ ಕಳುಹಿಸುವ ದಾನಿಗಳೂ ಇದನ್ನು ನೆನೆಯತಕ್ಕದ್ದು.

ಅಕ್ಕಿಗಿರಣಿಯಲ್ಲಿ ಭತ್ತ ನೆನೆಸಿ ಬೇಯಿಸುವೆಡೆಯಾಗಲಿ, ಪ್ರಸಾದನಿಲಯದ ಅಡುಗೆಮನೆಯಾಗಲಿ, ನೆಲ ಒದ್ದೆ, ಕಾಲು ಬರಿಗಾಲು. ಒಣಗಿದ ಚರ್ಮ ತಡೆಯುವಷ್ಟು ಪ್ರವಾಹವನ್ನು ನೆನೆದ ಚರ್ಮ ತಡೆಯದು. ಇಂತಹ ಕಡೆ ಸೋರಿಕೆಯನ್ನು ಕಂಡುಹಿಡಿಯುವ ಸ್ವಿಚ್ಚು ಪ್ರಾಣರಕ್ಷಕ. ಹೋದ ಪ್ರವಾಹಕ್ಕೂ ಮರಳಿ ಬಂದ ಪ್ರವಾಹಕ್ಕೂ 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಅದು ಕ್ಷಣಾರ್ಧದಲ್ಲಿ ಸರಬರಾಜನ್ನು ಕಡಿಯುತ್ತದೆ.

ಇನ್ನು ನುಡಿಯ ಮಾತು. 1956ರ ಭಾರತೀಯ ವಿದ್ಯುತ್ ನಿಯಮಗಳು ಅಪಾಯಸೂಚಕ ಫಲಕವು ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿಯೂ, ಜೊತೆಗೆ ಆ ಜಿಲ್ಲೆಯ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿದುವು. ತಲೆಬುರುಡೆ, ಎಲುಬುಗಳ ಚಿತ್ರವನ್ನೂ ಕೂಡಿಸಿದುವು. ಆಘಾತಕ್ಕೊಳಗಾದವರನ್ನು ಬದುಕಿಸುವ ವಿಧಾನದ ಫಲಕಕ್ಕೂ ಜಿಲ್ಲೆಯ ಭಾಷೆ ಕಡ್ಡಾಯವಾಯಿತು. ಆ ನಿಯಮಗಳ ಸ್ಥಾನಕ್ಕೆ 2010ರಲ್ಲಿಯೂ ಮತ್ತೆ 2023ರಲ್ಲಿಯೂ ಕೇಂದ್ರ ವಿದ್ಯುತ್ ಪ್ರಾಧಿಕಾರದ ವಿನಿಯಮಗಳು ಬಂದಿವೆ. ಹೊರಗಿನಿಂದ ಬಂದ ಕಟ್ಟಳೆಯನ್ನು ಈ ನೆಲಕ್ಕೆ ಇಳಿಸಿದ ತಿದ್ದುಪಡಿಗಳಲ್ಲಿ ಇದಕ್ಕಿಂತ ವಿವೇಕದ್ದು ಇನ್ನೊಂದಿಲ್ಲ. ಕನ್ನಡ ಫಲಕಗಳ ಮೇಲಿನ ‘ಅಪಾಯ’ವೆಂಬ ಪದವೂ ಸಾರ್ಥಕವಾದುದೇ. ಸಂಸ್ಕೃತ ಮೂಲದಲ್ಲಿ ಅದಕ್ಕೆ ದೂರ ಸರಿಯುವುದೆಂದೇ ಅರ್ಥ.

ಆದರೆ ಇಂದು ಕರ್ನಾಟಕದ ಅನೇಕ ಗಿರಣಿಗಳಲ್ಲಿ ಬಿಹಾರ, ಒಡಿಶಾಗಳಿಂದ ಬಂದ ಕೂಲಿಕಾರರಿದ್ದಾರೆ. ಜಿಲ್ಲೆಯ ಭಾಷೆ ಅವರ ಭಾಷೆಯಲ್ಲ. ಕೆಲವರಿಗೆ ಯಾವ ಅಕ್ಷರವೂ ಬಾರದು. ಫಲಕದಲ್ಲಿ ಅವರು ಓದಬಲ್ಲುದು ತಲೆಬುರುಡೆಯ ಚಿತ್ರವೊಂದನ್ನೇ. ಮೇನ್ ಸ್ವಿಚ್ಚು ಎಲ್ಲಿದೆ, ಜೊತೆಯವನು ತಂತಿಗೆ ಅಂಟಿಕೊಂಡಾಗ ಅವನನ್ನು ಬರಿಗೈಯಿಂದ ಎಳೆಯದೆ ಮೊದಲು ಆ ಸ್ವಿಚ್ಚನ್ನು ಆರಿಸಬೇಕು ಎಂಬುದನ್ನು ಕೆಲಸಕ್ಕೆ ಸೇರಿದ ದಿನವೇ ಮೇಸ್ತ್ರಿಯು ಅವರ ಮಾತಿನಲ್ಲಿ, ಕೈಹಿಡಿದು ತೋರಿಸಬೇಕಾಗಿದೆ.