ಕೇಳುಗರನ್ನು ಹಾಡಿಸಿದ ಅಶ್ವತ್ಥ್

ಬಸವನಗುಡಿ, ಚಾಮರಾಜಪೇಟೆಗಳ ಸಂಗೀತ ಪರಂಪರೆ ಮುಖ್ಯವಾಗಿ ಕಛೇರಿಯ ಪರಂಪರೆ. ಬೆಂಗಳೂರು ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ಆರಂಭ 1939ರಲ್ಲಿ. ಇಂಥ ವೇದಿಕೆಗಳಲ್ಲಿ ವಿದ್ವಾಂಸರು ಹಾಡುತ್ತಾರೆ, ರಸಿಕರು ತಲೆದೂಗುತ್ತಾರೆ. ಈ ಏರ್ಪಾಡಿನಲ್ಲಿ ದೋಷವೇನೂ ಇಲ್ಲ. ಆದರೆ ಭಜನೆಯ ಸಾಲನ್ನು ಬಿಟ್ಟರೆ ಕೇಳುಗನಿಗೆ ದನಿಯೆತ್ತುವ ಅವಕಾಶ ಇದ್ದದ್ದು ಕಡಿಮೆ. ಆ ಅವಕಾಶವನ್ನು ಹಿಗ್ಗಿಸಿದವರಲ್ಲಿ ಸಿ. ಅಶ್ವತ್ಥ್ ಪ್ರಮುಖರು. ಅವರನ್ನು ನಾವು ಗಾಯಕ, ಸಂಯೋಜಕ ಎಂದಷ್ಟೇ ಸ್ಮರಿಸುತ್ತೇವೆ. ಸಮೂಹ ಗಾಯನದ ಶಿಕ್ಷಕರಾಗಿಯೂ ಅವರನ್ನು ಕಾಣಬೇಕೆಂಬುದು ನನ್ನ ಅಭಿಪ್ರಾಯ.

1939ರ ಡಿಸೆಂಬರ್ 29ರಂದು ಚನ್ನರಾಯಪಟ್ಟಣದಲ್ಲಿ ಜನಿಸಿದ ಅಶ್ವತ್ಥ್, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿಜ್ಞಾನ ಪದವೀಧರರು. ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದ್ದರೂ ಹೊಟ್ಟೆಪಾಡಿಗೆ ಆಶ್ರಯಿಸಿದ್ದು ಐಟಿಐ ಕಾರ್ಖಾನೆಯನ್ನು. ಅಲ್ಲಿ ದುಡಿದದ್ದು 27 ವರ್ಷ. ಮಾಸ್ತಿಯವರ ನಾಟಕವನ್ನು ಆಧರಿಸಿದ ‘ಕಾಕನಕೋಟೆ’ (1977), ‘ಸಂತ ಶಿಶುನಾಳ ಶರೀಫ’ (1990), ‘ಮೈಸೂರು ಮಲ್ಲಿಗೆ’ (1992) ಚಿತ್ರಗಳ ಸಂಗೀತ ಅವರನ್ನು ಮನೆಮಾತಾಗಿಸಿತು.

ಬಹುಜನರು ಕೂಡಿ ಹಾಡಬೇಕಾದರೆ ಸ್ವರಪ್ರಸ್ತಾರವೇ ಬೇರೆ ಬಗೆಯದಾಗಬೇಕು. ಗಂಡು, ಹೆಣ್ಣು, ಮಕ್ಕಳ ದನಿಗಳಿಗೆ ಒಂದೇ ಶ್ರುತಿ ಹೊಂದಬೇಕು. ಉಸಿರು ತೆಗೆದುಕೊಳ್ಳಲು ಎಡೆಯಿರಬೇಕು. ಮರಳಿ ಮರಳಿ ಬರುವ ಪಲ್ಲವಿ ಹಿಂದೆ ಬಿದ್ದವರನ್ನು ಕೈಹಿಡಿದು ಕರೆದೊಯ್ಯಬೇಕು. ಶರೀಫರ ತತ್ವಪದಗಳಿಗೆ ಈ ಗುಣ ಹುಟ್ಟಿನಿಂದಲೇ ಇತ್ತು. ನವೋದಯದ ಕವಿತೆಗಳಿಗೆ ಅದನ್ನು ಒದಗಿಸುವ ಕಾರ್ಯದಲ್ಲಿ ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ ಮುಂಚೂಣಿಯಲ್ಲಿದ್ದರು. ಅಶ್ವತ್ಥ್ ಅದನ್ನು ಜನಸಾಗರದ ಅಳತೆಗೆ ಬೆಳೆಸಿದರು. ತಾವು ಹಾಡುತ್ತಲೇ ಕೈಸನ್ನೆಯಿಂದ ವಾದ್ಯದವರನ್ನೂ ಸಹಗಾಯಕರನ್ನೂ ನಡೆಸುತ್ತಿದ್ದ ಅವರ ರೀತಿ ಕಂಡವರ ಕಣ್ಣಿನಲ್ಲಿ ಇಂದಿಗೂ ಉಳಿದಿದೆ. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ಕ್ಕೆ ಲಕ್ಷಕ್ಕೂ ಮಿಕ್ಕಿ ಜನ ಸೇರಿದರೆಂಬುದು ಇದರ ಫಲ. ಕವಿತೆ ಕೇಳಲು ಅಷ್ಟು ಜನ ಸೇರುವ ನಾಡು ಬಡವಾದ ನಾಡಲ್ಲ.

ಅವರು ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದಂದೇ, 2009ರ ಡಿಸೆಂಬರ್ 29ರಂದು ತೀರಿಕೊಂಡರು. ಅನಂತರ ಅವರ ಹೆಸರು ಹೆಚ್ಚಾಗಿ ಕೇಳಿಬಂದದ್ದು ನಾಡಗೀತೆಯ ವಿವಾದದಲ್ಲಿ. ಕುವೆಂಪು ಅವರ ಗೀತೆಯನ್ನು ಸರ್ಕಾರ 2004ರಲ್ಲಿ ನಾಡಗೀತೆಯೆಂದು ಅಂಗೀಕರಿಸಿತ್ತು. ಯಾರ ಧಾಟಿ ಎಂಬ ಪ್ರಶ್ನೆ ಇತ್ಯರ್ಥವಾದದ್ದು 2022ರಲ್ಲಿ: ಅನಂತಸ್ವಾಮಿಯವರ ಧಾಟಿ, ಅವಧಿ ಎರಡೂವರೆ ನಿಮಿಷ. ಆದೇಶವನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾಗೊಳಿಸಿತು. ಅನಂತಸ್ವಾಮಿಯವರ ಧಾಟಿ ಸುಂದರವಾದದ್ದೇ. ಆ ತೀರ್ಮಾನದ ಬಗ್ಗೆ ನನಗೆ ತಕರಾರಿಲ್ಲ.

ನನ್ನ ಕಳವಳ ಬೇರೆ. ಧಾಟಿ ಯಾರದೆಂದು ಅಷ್ಟು ವರ್ಷ ಚರ್ಚಿಸಿದ ನಾವು, ಹಾಡುವವರು ಯಾರೆಂದು ಅಷ್ಟಾಗಿ ಕೇಳಿಕೊಳ್ಳಲಿಲ್ಲ. ಸಭೆಗಳಲ್ಲಿ ನಾಡಗೀತೆ ಧ್ವನಿವರ್ಧಕದಿಂದ ಹೊಮ್ಮುವಾಗ ಸಭಿಕರು ಗೌರವದಿಂದ ಎದ್ದು ನಿಲ್ಲುತ್ತಾರೆ, ತುಟಿ ಮಾತ್ರ ಬಿಚ್ಚುವುದಿಲ್ಲ. ಮುದ್ರಿತ ದನಿ ಅಪಸ್ವರ ನುಡಿಯುವುದಿಲ್ಲ, ನಿಜ. ಆದರೆ ಅದು ಯಾರಿಗೂ ಹಾಡಲು ಕಲಿಸುವುದೂ ಇಲ್ಲ. ಪಕ್ಕದವನ ದನಿಗೆ ಕಿವಿಗೊಟ್ಟು ತನ್ನ ದನಿಯನ್ನು ತಗ್ಗಿಸುವ, ಹೊಂದಿಸುವ ಪಾಠ ಬಾಯಿಬಿಟ್ಟು ಹಾಡಿದವರಿಗಷ್ಟೇ ದಕ್ಕುವುದು.

ಎನ್.ಆರ್. ಕಾಲೊನಿಯಲ್ಲಿ ಅಶ್ವತ್ಥ್ ಹೆಸರಿನ ಕಲಾಭವನವಿದೆ. ಅಲ್ಲಿ ತಿಂಗಳಿಗೊಂದು ಸಂಜೆ ಬಡಾವಣೆಯ ಜನರಿಗೆ, ಹತ್ತಿರದ ಶಾಲೆಗಳ ಶಿಕ್ಷಕರಿಗೆ ಸಮೂಹ ಗಾಯನ ಕಲಿಸುವ ಏರ್ಪಾಡಾಗಲಿ. ಶ್ರುತಿಪೆಟ್ಟಿಗೆಯೊಂದು, ತಾಳ್ಮೆಯ ಗಾಯಕರೊಬ್ಬರು ಸಾಕು. ಪ್ರವೇಶಕ್ಕೆ ಕಂಠಪರೀಕ್ಷೆ ಬೇಡ. ಶಿಕ್ಷಕರೊಬ್ಬರು ಕಲಿತರೆ ಒಂದು ತರಗತಿ ಹಾಡುತ್ತದೆ.