ಹಿತ್ತಿಲಲ್ಲಿ ಈಜುಕೊಳ: ಗುದ್ದಲಿ ಹಾಕುವ ಮೊದಲು ಯೋಚಿಸಬೇಕಾದ ಸಂಗತಿಗಳು

2024-25ರಲ್ಲಿ ಕಾಫಿಗೆ ದಾಖಲೆಯ ಬೆಲೆ ಬಂದಾಗ ಅನೇಕ ಬೆಳೆಗಾರರು ಹಳೆಯ ಸಾಲ ತೀರಿಸಿದರು, ಕೆಲವರು ಕಣ ದುರಸ್ತಿ ಮಾಡಿಸಿದರು. ಹೋಂಸ್ಟೇ ನಡೆಸುವ ಮನೆಗಳಲ್ಲಿ ಮಾತ್ರ ಇನ್ನೊಂದು ಮಾತು ಎದ್ದಿತು: "ನಮ್ಮಲ್ಲೂ ಒಂದು ಈಜುಕೊಳ ಇರಬಾರದೇಕೆ?" ನಮ್ಮ ಮನೆಯಲ್ಲಿ ಈ ಮಾತು ಅದಕ್ಕೂ ಮೊದಲೇ ಬಂದಿತ್ತು. ಮಗನ ಒತ್ತಾಯಕ್ಕೆ ಒಪ್ಪಿ ಕೊಳ ಕಟ್ಟಿಸಿದೆ. ಮೊದಲನೆಯ ಮಳೆಗಾಲದಲ್ಲೇ ಅದು ಬಿರುಕು ಬಿಟ್ಟಿತು. ಎರಡನೆಯ ಬಾರಿ ತಿಳಿದವರನ್ನು ಕೇಳಿ ಕಟ್ಟಿಸಿದ್ದು ಇಂದಿಗೂ ಚೆನ್ನಾಗಿದೆ. ಮೊದಲೇ ತಿಳಿದಿದ್ದರೆ ಒಂದು ಬಾರಿಯ ಖರ್ಚು ಉಳಿಯುತ್ತಿತ್ತು. ಸದಸ್ಯ ಬಾಂಧವರಿಗೆ ಆ ನಷ್ಟ ಆಗದಿರಲಿ ಎಂಬ ಉದ್ದೇಶದಿಂದ ಈ ಲೇಖನ.

ನೀರಿನ ಲೆಕ್ಕ ಮೊದಲು

ಒಂದು ಕುಟುಂಬಕ್ಕೂ ನಾಲ್ಕಾರು ಅತಿಥಿಗಳಿಗೂ 24 ಅಡಿ ಉದ್ದ, 12 ಅಡಿ ಅಗಲದ ಕೊಳ ಸಾಕು. ಆಳ ಒಂದು ಕಡೆ ಮೂರೂವರೆ ಅಡಿ, ಇನ್ನೊಂದು ಕಡೆ ನಾಲ್ಕೂವರೆ ಅಡಿ ಇಟ್ಟರೆ ಸರಾಸರಿ 4 ಅಡಿ. ಒಟ್ಟು 1,152 ಘನ ಅಡಿ, ಅಂದರೆ ಸುಮಾರು 32,600 ಲೀಟರ್ ನೀರು.

ಇದನ್ನು ನಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಒಂದು ಎಕರೆ ಕಾಫಿಗೆ ತುಂತುರು ನೀರಾವರಿಯಿಂದ ಒಂದು ಅಂಗುಲ ಹೂಮಳೆ ಕೊಡಲು ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ನೀರು ಬೇಕು. ಕೊಳದ ನೀರು ಅದರ ಮೂರನೇ ಒಂದು ಭಾಗ. ಎಕರೆಗೆ 550 ಅಡಿಕೆ ಮರಗಳಿದ್ದು, ಬೇಸಿಗೆಯಲ್ಲಿ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಹನಿ ನೀರು ಕೊಡುವವರಿಗೆ ಇದು ಮೂರು ದಿನದ ನೀರು. ಆದ್ದರಿಂದ ಕೊಳ ತುಂಬುವುದು ದೊಡ್ಡ ಸಂಗತಿಯಲ್ಲ, ಅದನ್ನು ಯಾವಾಗ ತುಂಬುತ್ತೀರಿ ಎಂಬುದೇ ಮುಖ್ಯ. ಮಳೆಗಾಲ ಮುಗಿಯುವ ಹೊತ್ತಿಗೆ, ಬಾವಿಯೂ ಹಳ್ಳವೂ ತುಂಬಿರುವಾಗ ತುಂಬಿಸಿ ಇಡಬೇಕು. ಮಾರ್ಚ್‌ನಲ್ಲಿ ಹೂಮಳೆಗೆ ಕಾಯುತ್ತಿರುವಾಗ ಕೊಳಕ್ಕೆ ಪಂಪು ಹಚ್ಚುವ ಸ್ಥಿತಿ ಬಂದರೆ ಆ ಕೊಳ ನಿಮ್ಮ ತೋಟಕ್ಕೆ ಹೊಂದುವುದಿಲ್ಲ ಎಂದೇ ತಿಳಿಯಿರಿ.

ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಈ ಅಳತೆಯ ಕೊಳದಿಂದ ಹೋಗುವುದು ಸುಮಾರು 135 ಲೀಟರ್. ಇದಕ್ಕಿಂತ ಬಹಳ ಹೆಚ್ಚು ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದು ಅರ್ಥ. ಮೆಟ್ಟಿಲ ಮೇಲೆ ಒಂದು ಬಕೆಟ್ ನೀರಿಟ್ಟು, ಬಕೆಟ್ಟಿನಲ್ಲಿ ಎಷ್ಟು ಇಳಿಯಿತು, ಕೊಳದಲ್ಲಿ ಎಷ್ಟು ಇಳಿಯಿತು ಎಂದು ಹೋಲಿಸಿ ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ.

ಜಾಗದ ಆಯ್ಕೆ

ನೋಟ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಇಳಿಜಾರಿನ ಅಂಚಿನಲ್ಲಿ ಕೊಳ ತೋಡಬಾರದು. ನೀರು ತುಂಬಿದ ಈ ಕೊಳದಲ್ಲಿ ನೀರಿನ ತೂಕವೇ 32 ಟನ್ನಿಗೂ ಮಿಕ್ಕು. ಕಡಿದ ಬರೆಯ ಮೇಲೆ, ಅಥವಾ ಮಣ್ಣು ತುಂಬಿ ಸಮ ಮಾಡಿದ ಜಾಗದಲ್ಲಿ ಈ ಭಾರ ಇಟ್ಟರೆ ಮಳೆಗಾಲದಲ್ಲಿ ಏನಾಗಬಹುದು ಎಂಬುದನ್ನು 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದುದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಮೂಲ ಮಣ್ಣು ಅಲುಗಾಡದೆ ಇರುವ, ಮನೆಯಿಂದ ಕಣ್ಣಿಗೆ ಬೀಳುವ, ಮೇಲಿನಿಂದ ಹರಿದು ಬರುವ ಮಳೆನೀರಿನ ದಾರಿಯಲ್ಲಿ ಇಲ್ಲದ ಜಾಗ ನೋಡಬೇಕು. ಮೇಲ್ಭಾಗದಲ್ಲಿ ಒಂದು ಅಗಳು ತೆಗೆದು ನೀರನ್ನು ಬೇರೆಡೆಗೆ ತಿರುಗಿಸುವುದು ಅವಶ್ಯ.

ಸಿಲ್ವರ್ ಓಕ್, ಹಲಸು, ಅಡಿಕೆ ಇವುಗಳ ಕೆಳಗೆ ಕೊಳ ಬೇಡ. ತರಗೆಲೆ ಗುಡಿಸುವುದೇ ಒಂದು ಆಳಿನ ಕೆಲಸವಾಗುತ್ತದೆ. ಕಳಚಿ ಬೀಳುವ ಸೋಗೆ ಈಜುವವರ ತಲೆಗೂ ಅಪಾಯ. ಔಷಧಿ ಸಿಂಪಡಣೆಯ ಹನಿ ಗಾಳಿಗೆ ಹಾರಿ ಬಾರದಷ್ಟು ದೂರವೂ ಇರಬೇಕು. ಕಟ್ಟಡದ ಪರವಾನಗಿಯ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಖಾಲಿ ಕೊಳ ತೇಲುತ್ತದೆ

ಈಗ ನನ್ನ ತಪ್ಪಿನ ವಿಷಯ. ಕಟ್ಟಿದ ಮೊದಲ ವರ್ಷ, ಆಗಸ್ಟ್ ತಿಂಗಳಲ್ಲಿ ಅತಿಥಿಗಳಿಲ್ಲದ ವೇಳೆ ನೋಡಿ, "ಪೂರ್ತಿ ಖಾಲಿ ಮಾಡಿ ಉಜ್ಜಿ ತೊಳೆಯೋಣ" ಎಂದು ನೀರು ಹೊರಹಾಕಿಸಿದೆ. ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ತಳ ನಡುವೆ ಉಬ್ಬಿ ಉದ್ದಕ್ಕೆ ಸೀಳಿತ್ತು. ಸೀಳಿನಿಂದ ತಿಳಿಯಾದ ಒರತೆ ನೀರು ಮೇಲೇಳುತ್ತಿತ್ತು. ಮೇಸ್ತ್ರಿ ಸಿಮೆಂಟು ಕಡಿಮೆ ಹಾಕಿರಬೇಕೆಂದು ಆತನ ಮೇಲೆ ರೇಗಾಡಿದೆ. ತಪ್ಪು ಆತನದಾಗಿರಲಿಲ್ಲ.

ನಡೆದುದು ಇಷ್ಟೇ. ಮಳೆಗಾಲದಲ್ಲಿ ನೆಲದೊಳಗಿನ ನೀರು ಏರಿ ಕೊಳದ ಸುತ್ತ ನಿಲ್ಲುತ್ತದೆ. ಕೊಳ ತುಂಬಿದ್ದರೆ ಒಳಗಿನ ನೀರಿನ ಭಾರ ಹೊರಗಿನ ಒತ್ತಡವನ್ನು ತಡೆಯುತ್ತದೆ. ಖಾಲಿಯಾದಾಗ ಅದು ನೀರಿನಲ್ಲಿಟ್ಟ ದೋಣಿಯಂತೆ. ನಮ್ಮ ಅಳತೆಯ ಕೊಳದಲ್ಲಿ ಆರು ಅಂಗುಲ ದಪ್ಪದ ತಳ ಮತ್ತು ಗೋಡೆ ಸೇರಿ ಕಾಂಕ್ರೀಟಿನ ತೂಕ 20ರಿಂದ 22 ಟನ್. ಹೊರಗಿನ ನೀರು ತಳಕ್ಕಿಂತ ಒಂದು ಅಡಿ ಮೇಲೆ ನಿಂತರೆ ಎತ್ತುವ ಒತ್ತಡ ಸುಮಾರು 8 ಟನ್, ಮೂರು ಅಡಿ ನಿಂತರೆ 24 ಟನ್. ಕೊಳ ಮೇಲೇಳಲೇಬೇಕು, ಇಲ್ಲವೇ ತಳ ಒಡೆಯಬೇಕು.

ಇದಕ್ಕೆ ಪರಿಹಾರಗಳು ಹೀಗಿವೆ:

1. ತಳದ ಕೆಳಗೆ ದಪ್ಪನೆಯ ಜಲ್ಲಿಯ ಪದರ ಹಾಸಿ, ಅದರೊಳಗೆ ತೂತು ಕೊಳವೆ ಇಟ್ಟು, ಇಳಿಜಾರಿನ ಕಡೆಗೆ ನೀರು ತಾನಾಗಿ ಹರಿದುಹೋಗುವಂತೆ ಮಾಡುವುದು.

2. ತಳದಲ್ಲಿ ಒತ್ತಡ ಬಿಡಿಸುವ ವಾಲ್ವ್ ಕೂರಿಸುವುದು. ಹೊರಗಿನ ನೀರಿನ ಒತ್ತಡ ಹೆಚ್ಚಾದಾಗ ಅದು ತೆರೆದು ನೀರನ್ನು ಒಳಕ್ಕೆ ಬಿಡುತ್ತದೆ, ಕೊಳ ಉಳಿಯುತ್ತದೆ.

3. ಕೊಳದ ಪಕ್ಕದಲ್ಲಿ ತಳಕ್ಕಿಂತ ಆಳಕ್ಕೆ ಇಳಿಯುವ ಒಂದು ಕೊಳವೆ ನೆಟ್ಟು, ಕೋಲು ಇಳಿಸಿ ನೆಲದ ನೀರು ಎಲ್ಲಿದೆ ಎಂದು ನೋಡಿಕೊಳ್ಳುವುದು.

4. ಎಲ್ಲಕ್ಕಿಂತ ಮುಖ್ಯವಾಗಿ, ಮಳೆಗಾಲದಲ್ಲಿ ಕೊಳವನ್ನು ಖಾಲಿ ಮಾಡದಿರುವುದು. ತೊಳೆಯುವ ಕೆಲಸ ಏಪ್ರಿಲ್‌ಗೆ ಇರಲಿ, ಅದೂ ಕೋಲು ಇಳಿಸಿ ನೋಡಿದ ಮೇಲೆ.

ತುಂಬಿದ ಕೊಳಕ್ಕೆ ಮಳೆಗಾಲದಲ್ಲಿ ಉಕ್ಕುವ ದಾರಿಯೂ ಬೇಕು. ಒಂದೇ ದಿನ 100 ಮಿಲಿಮೀಟರ್ ಮಳೆಯಾದರೆ ಈ ಕೊಳಕ್ಕೆ ನೇರವಾಗಿ ಬೀಳುವುದೇ 2,600 ಲೀಟರಿಗೂ ಹೆಚ್ಚು.

ನೀರನ್ನು ಶುದ್ಧವಾಗಿಡುವುದು

ಕೊಳದ ನೀರು ಮರಳಿನ ಸೋಸುಕದ ಮೂಲಕ ಆರರಿಂದ ಎಂಟು ಗಂಟೆಗೊಮ್ಮೆ ಪೂರ್ತಿ ಸುತ್ತಿ ಬರಬೇಕು. ಇಲ್ಲಿಗೆ ಅರ್ಧ ಅಥವಾ ಮುಕ್ಕಾಲು ಅಶ್ವಶಕ್ತಿಯ ಪಂಪು ಸಾಕು. ಮನೆಯಲ್ಲಿ ಬಿದ್ದಿರುವ 5 ಅಶ್ವಶಕ್ತಿಯ ನೀರಾವರಿ ಪಂಪನ್ನು ಜೋಡಿಸುವ ಆಲೋಚನೆ ಬೇಡ. ಸೋಸುಕ ಕೆಡುವುದಿರಲಿ, ತಳದ ತೂತಿನ ಸೆಳೆತಕ್ಕೆ ಮಗುವಿನ ಕೂದಲೋ ಕೈಯೋ ಸಿಕ್ಕಿಕೊಂಡರೆ ಬಿಡಿಸುವುದು ಸಾಧ್ಯವಾಗದು. ತಳದಲ್ಲಿ ಮೂರು ಅಡಿ ಅಂತರದಲ್ಲಿ ಎರಡು ತೂತುಗಳಿರಬೇಕು. ಎರಡಕ್ಕೂ ಉಬ್ಬಿದ ಜಾಲರಿ ಮುಚ್ಚಳ ಬೇಕು.

ನೀರಿನಲ್ಲಿ ಉಳಿದಿರುವ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ರಸಸಾರ 7.2ರಿಂದ 7.8 ಇರಬೇಕು. ಇವನ್ನು ಅಳೆಯುವ ಸಣ್ಣ ಪೆಟ್ಟಿಗೆ ದೊರೆಯುತ್ತದೆ, ದಿನವೂ ಅಳೆಯಿರಿ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ 25 ಭಾಗ ಕ್ಲೋರಿನ್ ಇದ್ದರೆ, ನಮ್ಮ ಕೊಳದಲ್ಲಿ ಒಂದು ಮಿಲಿಗ್ರಾಂ ಏರಿಸಲು ಸುಮಾರು 130 ಗ್ರಾಂ ಬೇಕು. ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಸಂಜೆ ಸುರಿಯಬೇಕು. ಪುಡಿಗೆ ಆಮ್ಲ ತಾಗಿದರೆ ವಿಷಾನಿಲ ಏಳುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಿ.

ಕೊಳವೆ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕ್ಲೋರಿನ್ ಹಾಕಿದೊಡನೆ ನೀರು ಕೆಂಪಾಗುತ್ತದೆ. ಗಾಬರಿ ಬೇಡ, ಸೋಸುಕ ಓಡಿಸಿದರೆ ತಿಳಿಯಾಗುತ್ತದೆ. ಪಾಚಿ ಕಂಡಾಗ ಕೊಳೆರೋಗಕ್ಕೆಂದು ತಂದಿಟ್ಟ ಮೈಲುತುತ್ತವನ್ನು ಕೊಳಕ್ಕೆ ಹಾಕುವ ಆಸೆ ನಮಗೆ ಸಹಜ. ಹಾಗೆ ಮಾಡಬೇಡಿ. ಗೋಡೆ ಕಲೆಯಾಗುತ್ತದೆ, ಕೂದಲು ಹಸಿರಾಗುತ್ತದೆ, ಹಳ್ಳಕ್ಕೆ ಹರಿದರೆ ಮೀನು ಸಾಯುತ್ತದೆ.

ಕ್ಲೋರಿನ್ ಇಲ್ಲದ ಬೆಚ್ಚನೆಯ ನಿಂತ ನೀರು ಎಷ್ಟು ಅಪಾಯಕಾರಿ ಎಂಬುದಕ್ಕೆ ನೆರೆಯ ಕೇರಳದ ಉದಾಹರಣೆಯಿದೆ. ಮೂಗಿನ ಮೂಲಕ ಮಿದುಳಿಗೇರುವ ಅಮೀಬಾ ರೋಗದಿಂದ 2024ರಲ್ಲಿ ಅಲ್ಲಿ ಮಕ್ಕಳು ತೀರಿಕೊಂಡರು. ಇಲಿಜ್ವರವಂತೂ ನಮ್ಮ ಕಡೆಗೂ ಹೊಸದಲ್ಲ.

ಸೋಸುಕ ತೊಳೆದ ನೀರನ್ನು ನೇರವಾಗಿ ತೋಟಕ್ಕೋ ಹಳ್ಳಕ್ಕೋ ಬಿಡದೆ, ಒಂದು ಗುಂಡಿಯಲ್ಲಿ ಕೆಲವು ದಿನ ಬಿಸಿಲಿಗೆ ನಿಲ್ಲಿಸಿದರೆ ಕ್ಲೋರಿನ್ ಹೋಗುತ್ತದೆ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವನ್ನು ಮಾರಾಟಗಾರರು ಹೊಗಳುತ್ತಾರೆ. ಆದರೆ ಅದಕ್ಕೆ ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಬೇಕು, ಅಂದರೆ ನಮ್ಮ ಕೊಳಕ್ಕೆ ಒಂದು ಕ್ವಿಂಟಾಲಿಗೂ ಹೆಚ್ಚು. ಆ ನೀರು ಎಂದಿಗೂ ಗಿಡದ ಬುಡಕ್ಕೆ ಹೋಗಬಾರದು.

ವಿಶೇಷ ಸೌಕರ್ಯಗಳು: ಬೇಕಾದುದು, ಬೇಡವಾದುದು

ಜಲಪಾತ, ಬಣ್ಣದ ದೀಪ, ಅಂಚಿನಿಂದ ನೀರು ಉಕ್ಕಿ ಕಣಿವೆಯೊಳಗೆ ಬೀಳುವಂತೆ ತೋರುವ ಗೋಡೆ, ಹೀಗೆ ಪಟ್ಟಿ ಉದ್ದವಿದೆ. ಉಕ್ಕುವ ಅಂಚಿಗೆ ಕೆಳಗೆ ಇನ್ನೊಂದು ತೊಟ್ಟಿ, ಇನ್ನೊಂದು ಪಂಪು ಬೇಕು. ವಿದ್ಯುತ್ ಹೋದಾಗ ನೋಟವೂ ಹೋಗುತ್ತದೆ. ನನ್ನ ಅನುಭವದಲ್ಲಿ ಹಣ ಹಾಕಬೇಕಾದುದು ಬೇರೆ ಕಡೆ. ಅಗಲವಾದ ಮೆಟ್ಟಿಲು, ಹಿಡಿದು ಇಳಿಯಲು ಕಂಬಿ, ವಯಸ್ಸಾದವರು ಸೊಂಟದ ಮಟ್ಟ ನೀರಿನಲ್ಲಿ ಕೂರಲು ಗೋಡೆಗೆ ಹೊಂದಿದ ಕಟ್ಟೆ, ಜಾರದ ಒರಟು ಕಲ್ಲಿನ ಹಾಸು, ಇವು ದಿನವೂ ಉಪಯೋಗಕ್ಕೆ ಬರುತ್ತವೆ. ನಮ್ಮ ದೇವಾಲಯಗಳ ಪುಷ್ಕರಣಿ ಕಟ್ಟಿದವರು ನಾಲ್ಕೂ ಕಡೆ ಮೆಟ್ಟಿಲು ಇಟ್ಟದ್ದು ಅಂದಕ್ಕೆ ಮಾತ್ರವಲ್ಲ. ಕಾಲು ತಪ್ಪಿದವನಿಗೂ ಯಾವ ಕಡೆಯಿಂದಲಾದರೂ ಮೇಲೇರುವ ದಾರಿ ಇರುತ್ತಿತ್ತು.

ನೀರಿನೊಳಗಿನ ದೀಪ 12 ವೋಲ್ಟಿನದೇ ಆಗಿರಬೇಕು. ಪಂಪಿನ ತಂತಿಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿತವಾಗುವ ಸ್ವಿಚ್ ಹಾಕಿಸಿ. ಗುಡುಗು ಸಿಡಿಲಿನ ಸಂಜೆ ಯಾರನ್ನೂ ನೀರಿಗೆ ಬಿಡಬಾರದು.

ಬೇಲಿ ಮತ್ತು ಕಣ್ಗಾವಲು

2024ರ ನವೆಂಬರಿನಲ್ಲಿ ಉಳ್ಳಾಲದ ಸಮೀಪ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಅವರಿಗೆ ಈಜು ಬರುತ್ತಿರಲಿಲ್ಲ. ಇದು ಸಮುದ್ರದಲ್ಲಿ ಅಲ್ಲ, ಹೊಳೆಯಲ್ಲಿ ಅಲ್ಲ, ಕಟ್ಟಡದ ಪಕ್ಕದ ಕೊಳದಲ್ಲಿ ನಡೆದುದು. ಎಲ್ಲಿ ಆಳವಾಗುತ್ತದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಆದ್ದರಿಂದಲೇ ನಾಲ್ಕೂವರೆ ಅಡಿಗಿಂತ ಆಳ ಬೇಡ ಎಂದು ನಾನು ಹೇಳುವುದು. ಆಳವನ್ನು ಕನ್ನಡದಲ್ಲಿ ದೊಡ್ಡದಾಗಿ ಅಂಚಿನ ಮೇಲೆ ಬರೆಸಿ. ತಲೆ ಕೆಳಗಾಗಿ ಹಾರುವುದನ್ನು ಪೂರ್ತಿ ನಿಷೇಧಿಸಿ. ಇಷ್ಟು ನೀರಿನಲ್ಲಿ ಹಾರಿದರೆ ಕುತ್ತಿಗೆ ಮುರಿಯುತ್ತದೆ.

ಸುತ್ತಲೂ, ಮನೆಯ ಕಡೆಗೂ ಸೇರಿದಂತೆ, ಮಕ್ಕಳು ಹತ್ತಲಾರದ ನಾಲ್ಕು ಅಡಿ ಎತ್ತರದ ಬೇಲಿ ಇರಲಿ. ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕ ಮೇಲಿರಬೇಕು. ಲೈನಿನ ಮಕ್ಕಳೂ ನಮ್ಮ ಮಕ್ಕಳೇ. ಕೊಳ ಮನೆಯವರಿಗೆ ಮಾತ್ರ ಎಂದು ಹೇಳಿದರೆ ಐದು ವರ್ಷದ ಕೂಸಿಗೆ ಅರ್ಥವಾಗುವುದಿಲ್ಲ. ಉದ್ದನೆಯ ಬಿದಿರಿನ ಗಳು, ಹಗ್ಗ ಕಟ್ಟಿದ ಟ್ಯೂಬು ಯಾವಾಗಲೂ ಕೈಗೆಟುಕುವಂತಿರಲಿ. ಮುಳುಗಿದವರನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆಗೂಡನ್ನು ಒತ್ತುವುದು ಕೂಡಲೇ ಆಗಬೇಕು. 108ಕ್ಕೆ ಕರೆ ಮಾಡಿದರೂ ತೋಟದ ದಾರಿಯಲ್ಲಿ ವಾಹನ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮನೆಯಲ್ಲಿ ಇಬ್ಬರಾದರೂ ಇದನ್ನು ಆಸ್ಪತ್ರೆಯವರಿಂದ ಕಲಿತಿರಬೇಕು.

"ಇಷ್ಟೆಲ್ಲ ಏಕೆ, ಕೃಷಿ ಹೊಂಡದಲ್ಲೇ ಈಜಿದರಾಯಿತಲ್ಲ" ಎನ್ನುವವರಿಗೆ ಒಂದು ಮಾತು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಪಾಚಿ ಹಿಡಿದು ಜಾರುತ್ತದೆ. ಈಜು ಬಲ್ಲವನೂ ಮೇಲೆ ಹತ್ತಲಾರದೆ ಸೋತು ಮುಳುಗುತ್ತಾನೆ. ನೀರಾವರಿಯ ಹೊಂಡಕ್ಕೂ ಬೇಲಿ ಹಾಕಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಈಜುಕೊಳ ಕಟ್ಟದಿದ್ದವರೂ ಈ ಒಂದು ಕೆಲಸವನ್ನು ಈ ವಾರವೇ ಮಾಡಬಹುದು.

ಕೊನೆಯದಾಗಿ

ಬೆಳೆ ಸಾಲದ ಹಣವನ್ನು ಕೊಳಕ್ಕೆ ತಿರುಗಿಸಬೇಡಿ. ಬೆಲೆ ಇಳಿದ ವರ್ಷ ಗೊಬ್ಬರಕ್ಕೆ ಕೈ ಕಟ್ಟಿದಂತಾಗುತ್ತದೆ. ಬೇಸಿಗೆಯ ನೀರು, ಗಟ್ಟಿ ನೆಲ, ನೋಡಿಕೊಳ್ಳುವ ಜನ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಕೊಳದ ಆಲೋಚನೆಯನ್ನು ಮುಂದೂಡುವುದೇ ಲೇಸು. ಮೂರೂ ಇದ್ದರೆ ಧೈರ್ಯವಾಗಿ ಕಟ್ಟಿಸಿ. ನಮ್ಮ ಮನೆಯ ಕೊಳದಲ್ಲಿ ಮೊಮ್ಮಕ್ಕಳಿಬ್ಬರೂ ಲೈನಿನ ನಾಲ್ಕು ಮಕ್ಕಳೂ ಕಳೆದ ಬೇಸಿಗೆಯಲ್ಲಿ ಈಜು ಕಲಿತರು. ಹೊಳೆಯ ದಂಡೆಯ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಅದಕ್ಕಿಂತ ಉಪಯುಕ್ತ ವಿದ್ಯೆ ಬೇರೆ ಇಲ್ಲ. ಕೊಳಕ್ಕೆ ಹಾಕಿದ ಹಣದಲ್ಲಿ ಸಾರ್ಥಕವಾದುದು ಅದೇ ಎಂದು ನನಗೆ ಅನ್ನಿಸುತ್ತದೆ.