“ಏನು ಕೆಲಸಕ್ಕೆ?” ಎಂದು ಕೇಳುವ ಅಂಗಡಿ

ಸಾಗರ ಪೇಟೆಯ ನಮ್ಮ ಅಂಗಡಿಯ ಬೋರ್ಡಿನಲ್ಲಿ ‘ಹಾರ್ಡ್‌ವೇರ್ ಸ್ಟೋರ್ಸ್’ ಎಂದಿದೆ. ಊರವರ ಬಾಯಲ್ಲಿ ಅದು ಇವತ್ತಿಗೂ ‘ಕಬ್ಬಿಣದಂಗಡಿ’. ಯಾರಾದರೂ ಬಂದು “ಎರಡಿಂಚಿನ ಮೊಳೆ ಕಾಲು ಕೇಜಿ ಕೊಡಿ” ಅಂದರೆ ಅಪ್ಪ ಕೂಡಲೇ ತಕ್ಕಡಿಗೆ ಕೈ ಹಾಕುವುದಿಲ್ಲ. ಮೊದಲು ಕೇಳುತ್ತಾರೆ, “ಏನು ಕೆಲಸಕ್ಕೆ?”

ಮಾಡಿನ ರೀಪಿಗೆ ಅಂದರೆ ಸರಿ, ಮೊಳೆ ತೂಗುತ್ತಾರೆ. ಹಳೇ ಹಲಸಿನ ಹಲಗೆಗೆ ಅಂದರೆ, “ಸೀಳಿ ಹೋಗ್ತದೆ ಮಾರಾಯ. ಬೈರಿಗೆಯಲ್ಲಿ ತೂತು ಮಾಡಿ ಸ್ಕ್ರೂ ಹಾಕು. ಎಂಟು ಸಾಕು” ಎಂದು ಎಂಟೇ ಸ್ಕ್ರೂ ಎಣಿಸಿ ಕೊಡುತ್ತಾರೆ. ಚಿಕ್ಕವಳಿದ್ದಾಗ ನನಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಕಾಲು ಕೇಜಿ ಕೇಳಿದವನಿಗೆ ಎಂಟು ಕೊಟ್ಟರೆ ಅದೆಂಥ ವ್ಯಾಪಾರ?

ಆ ಪ್ರಶ್ನೆ ಅಜ್ಜನಿಂದ ಬಂದದ್ದು. ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾದ ಎರಡು-ಮೂರು ವರ್ಷಕ್ಕೆ ಅಜ್ಜ ಹತ್ತಡಿ ಅಗಲದ ಮಳಿಗೆಯಲ್ಲಿ ಅಂಗಡಿ ಇಟ್ಟರು. ಹಾರೆ, ಪಿಕಾಸಿ, ಗುದ್ದಲಿ, ಕತ್ತಿ, ಚಿಲಕ, ಬಿಜಾಗರಿ, ಬಾವಿ ಹಗ್ಗ ಇಷ್ಟೇ ಬಂಡವಾಳ. 1957ರ ಏಪ್ರಿಲ್‌ನಲ್ಲಿ ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಅದರ ಹಿಂದೆಯೇ ಸೇರು ಹೋಗಿ ಕಿಲೋ ಬಂತು. ಜನರಿಗೆ ಅನುಮಾನ, ಎಲ್ಲಿ ಮೋಸ ಹೋಗುತ್ತೇವೋ ಅಂತ. ಅಜ್ಜ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹಳೇ ಲೆಕ್ಕ, ಹೊಸ ಲೆಕ್ಕ ಪಕ್ಕಪಕ್ಕ ಬರೆದಿಟ್ಟರಂತೆ. ಮೊಳೆಯ ಉದ್ದ ಮಾತ್ರ ಅವತ್ತಿನಿಂದ ಇವತ್ತಿನವರೆಗೂ ಇಂಚಿನಲ್ಲೇ ಉಳಿದಿದೆ!

ಮುಳುಗಡೆಯ ಖಾತೆ

ಅಂಗಡಿಯ ಅಟ್ಟದಲ್ಲಿ ಕೆಂಪು ಬಟ್ಟೆ ರಟ್ಟಿನ ಒಂದು ಉದ್ರಿ ಪುಸ್ತಕವಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲೇ ಶರಾವತಿ ಕಣಿವೆಯ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚತೊಡಗಿದ್ದರು. ಹೆಂಚು, ಪಕಾಸಿ, ಬಾಗಿಲು, ದಾರಂದ ಎಲ್ಲ ಗಾಡಿಗೆ ಹೇರಿಕೊಂಡು ಗುರುತಿಲ್ಲದ ಜಾಗಕ್ಕೆ ಹೊರಟಿದ್ದರು.

ಕೆಲವರು ಹಳೇ ಬಿಜಾಗರಿ, ಚಿಲಕ, ಬೀಗ ಚೀಲದಲ್ಲಿ ತುಂಬಿ ತಂದು ಗುಜರಿ ಲೆಕ್ಕಕ್ಕೆ ತಗೊಳ್ಳಿ ಅಂದರಂತೆ. ಅಜ್ಜ ತೂಗಲಿಲ್ಲ. “ಹೊಸ ಮನೆಗೆ ಬಾಗಿಲು ಬೇಡವಾ? ಇವತ್ತು ಮಾರಿ, ನಾಳೆ ನನ್ನ ಹತ್ರವೇ ಹೆಚ್ಚು ದುಡ್ಡು ಕೊಟ್ಟು ತಗೊಳ್ತೀರಾ?” ಎಂದು ವಾಪಸು ಕಳಿಸಿದರು. ಕಡಿಮೆ ಬಿದ್ದ ಮೊಳೆ, ತಂತಿ, ಹಾರೆಯನ್ನು ಉದ್ರಿ ಕೊಟ್ಟರು. ಆ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಊರಿನ ಹೆಸರಿದೆ. ಅದರಲ್ಲಿ ಎಷ್ಟೋ ಊರು ಈಗ ನೀರಿನಡಿಗಿವೆ.

ಎಲ್ಲರೂ ಬಂದು ಬಾಕಿ ತೀರಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧಕ್ಕರ್ಧ ಲೆಕ್ಕ ಹಾಗೇ ಉಳಿದಿದೆ. ಅಜ್ಜಿಯ ಬಳೆ ಎರಡು ಸಲ ಗಿರವಿಗೆ ಹೋಗಿ ಬಂದವು. ಮೂರನೇ ಸಲ ಹೋದವು ಬರಲಿಲ್ಲ. ಅಜ್ಜಿ ಅದನ್ನು ಕೊನೆಯವರೆಗೂ ಮರೆಯಲಿಲ್ಲ. ಮರೆಯಬೇಕಾಗಿಯೂ ಇರಲಿಲ್ಲ.

ಐದು ಮೂಟೆ ಸಿಮೆಂಟು

ಅಪ್ಪ ಗಲ್ಲಾಪೆಟ್ಟಿಗೆ ಮುಂದೆ ಕೂತ ಕಾಲಕ್ಕೆ ಸಿಮೆಂಟಿನ ಬರಗಾಲ. 1982ರಲ್ಲಿ ನಿಯಂತ್ರಣ ಸ್ವಲ್ಪ ಸಡಿಲವಾಯಿತು, ಪೂರ್ತಿ ಹೋದದ್ದು 1989ರಲ್ಲಿ. ಅದಕ್ಕೆ ಮುಂಚೆ ಮನೆಗೆ, ಬಾವಿಗೆ, ಯಾವುದಕ್ಕಾದರೂ ಅರ್ಜಿ ಹಾಕಿ ಪರ್ಮಿಟ್ ಚೀಟಿ ತರಬೇಕಿತ್ತು. ಚೀಟಿ ತಂದವರೂ ಲಾರಿ ಬರುವ ತನಕ ಕಾಯಬೇಕಿತ್ತು.

ಹೋದ ವರ್ಷ ಒಂದು ರಾತ್ರಿ ಅಪ್ಪ ತಾವಾಗಿಯೇ ಹೇಳಿದರು. ಹಳ್ಳಿಯವನೊಬ್ಬನ ಹೆಸರಿಗೆ ಬಂದಿದ್ದ ಐದು ಮೂಟೆಯನ್ನು ನಮ್ಮ ಅತ್ತೆ ಮನೆಯ ಗೃಹಪ್ರವೇಶದ ಅವಸರಕ್ಕೆ ಕೊಟ್ಟುಬಿಟ್ಟಿದ್ದರಂತೆ. “ಮುಂದಿನ ಲೋಡಿನಲ್ಲಿ ಕೊಡ್ತೇನೆ” ಅಂದರು. ಲೋಡು ಬರುವ ಮೊದಲೇ ಮಳೆ ಬಂತು. ಕಟ್ಟೆ ಕಟ್ಟದ ಅವನ ಬಾವಿ ಕುಸಿಯಿತು. ಆತ ಜಗಳವಾಡಲಿಲ್ಲ. ಆದರೆ ಮತ್ತೆ ನಮ್ಮ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

“ಆ ಮೂಟೆ ಏನು ಕೆಲಸಕ್ಕೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ” ಅಂದರು ಅಪ್ಪ. ಆಮೇಲೆ ಸುಮ್ಮನಾದರು. ನಾನೂ ಏನೂ ಹೇಳಲಿಲ್ಲ.

ಬಾಡಿಗೆಯೋ, ಅಂಗಡಿಯೋ

ಹೆಂಚಿನ ಜಾಗಕ್ಕೆ ಶೀಟು ಬಂತು, ಕಬ್ಬಿಣದ ಪೈಪಿನ ಜಾಗಕ್ಕೆ ಪಿವಿಸಿ. ಮಳೆಗಾಲದ ಮುಂಚಿನ ಮೈಲುತುತ್ತದ ವ್ಯಾಪಾರ ಮಾತ್ರ ಬದಲಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕಲ್ಲ. ಹೊಸದಾಗಿ ತೋಟ ಮಾಡುವ ಹುಡುಗರಿಗೆ ಅಪ್ಪ ಈಗಲೂ ಪಾಠ ಹೇಳುತ್ತಾರೆ: ನೂರು ಲೀಟರ್ ನೀರಿಗೆ ಒಂದು ಕೇಜಿ ತುತ್ತ, ಒಂದು ಕೇಜಿ ಸುಣ್ಣ. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಚೂರಿ ಅದ್ದಿ ನೋಡಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕಬೇಕು.

ಕಳೆದ ದೀಪಾವಳಿ ಹೊತ್ತಿಗೆ ಮೊಬೈಲ್ ಶೋರೂಮಿನವರು ಮಳಿಗೆ ಕೇಳಿಕೊಂಡು ಬಂದರು. ಅವರು ಹೇಳಿದ ಬಾಡಿಗೆ, ಅಪ್ಪ ದಿನವಿಡೀ ನಿಂತು ದುಡಿಯುವ ಲಾಭಕ್ಕಿಂತ ಹೆಚ್ಚು. ಕೊಟ್ಟುಬಿಡಿ ಎಂದು ಬೆಂಗಳೂರಿನಿಂದ ಫೋನ್ ಮಾಡಿ ಒತ್ತಾಯ ಮಾಡಿದವಳು ನಾನೇ. ಅಪ್ಪನಿಗೆ ಮಂಡಿನೋವು, ನಾನಾಗಲೀ ತಮ್ಮನಾಗಲೀ ವಾಪಸು ಹೋಗುವವರಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ಅಪ್ಪ ಬೇಡ ಅನ್ನಲಿಲ್ಲ. ಒಂದು ವಾರ ಬಿಟ್ಟು, “ಅಂಗಡಿ ಹುಡುಗನಿಗೆ ಕೊಡ್ತಿದ್ದೇನೆ” ಅಂದರು. ಹುಡುಗ ಅಂದರೆ, ಮೂವತ್ತು ವರ್ಷದಿಂದ ನಮ್ಮಲ್ಲಿ ಮೂಟೆ ಹೊತ್ತು, ಮೊಳೆ ತೂಗಿ ಈಗ ಐವತ್ತರ ಹತ್ತಿರ ಬಂದವನು. ಸಾಮಾನಿನ ಬೆಲೆಯನ್ನು ಕಂತಿನಲ್ಲಿ ಕೊಡುವುದು, ಮಳಿಗೆಗೆ ಅವನಿಂದ ಆಗುವಷ್ಟು ಬಾಡಿಗೆ. ತಮ್ಮನಿಗೆ ಸಿಟ್ಟು ಬಂತು. ನನಗೂ ಬೇಸರವಾಯಿತು, ಸುಳ್ಳೇಕೆ ಹೇಳಲಿ?

ಯುಗಾದಿಗೆ ಊರಿಗೆ ಹೋದಾಗ ಅಂಗಡಿಗೆ ಹೋದೆ. ಗಲ್ಲಾದ ಮುಂದೆ ಅವನು, ಮೂಲೆಯ ಸ್ಟೂಲಿನ ಮೇಲೆ ಅಪ್ಪ. ಕಾಲೇಜು ಹುಡುಗಿಯೊಬ್ಬಳು ಬಂದು, ಮೊಬೈಲಿನಲ್ಲಿ ಚಿಲಕದ ಚಿತ್ರ ತೋರಿಸಿ “ಇಂಥದ್ದು ಇದೆಯಾ?” ಅಂದಳು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ:

“ಯಾವ ಬಾಗಿಲಿಗೆ ತಂಗೀ? ಒಳಗೆ ತೆರೀತದಾ, ಹೊರಗಾ?”

ಅಪ್ಪ ಪೇಪರು ಬಿಡಿಸಿಕೊಂಡು ಓದತೊಡಗಿದರು.